ಉಪ್ಪು ಒಂಚೂರು ಜಾಸ್ತಿ

ನನ್ನ ಫಲಿತಾಂಶ ಅಂಟಿಸಿದ ದಿನ ಮಧ್ಯಾಹ್ನ ಮೆಸ್ಸಿನಲ್ಲಿ ಹುರುಳಿಕಾಳಿನ ಸಾರು ಮಾಡಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ವಿಶ್ವವಿದ್ಯಾಲಯದ ಫಲಕದಲ್ಲಿ ನನ್ನ ಹೆಸರಿನ ಮುಂದೆ ತೇರ್ಗಡೆ ಎಂದು ಬರೆದಿತ್ತು. ಒಂದು ಗಂಟೆಗೆ ಮೊದಲ ತುತ್ತು ಬಾಯಿಗಿಟ್ಟಾಗ ಸಾರಿನಲ್ಲಿ ಹುಳಿ ಇತ್ತು, ಖಾರ ಇತ್ತು, ಹುರುಳಿಯ ಮಣ್ಣುವಾಸನೆಯೂ ಇತ್ತು, ಉಪ್ಪು ಮಾತ್ರ ಇರಲಿಲ್ಲ. ಬಡಿಸುವವನು ನನ್ನ ಮುಖ ನೋಡಿ "ಪಾಸಾ?" ಎಂದ. ಹೂಂ ಎಂದೆ. "ಒಳ್ಳೇದಾಗ್ಲಿ" ಎಂದು ಇನ್ನೊಂದು ಸೌಟು ಸುರಿದು ಮುಂದಿನ ಎಲೆಗೆ ಹೋದ.

ಆ ಊರಿನಲ್ಲಿ ಹಾಗೆ. ಹೊರಗಿನಿಂದ ಓದಲು ಬಂದವರಿಗೆ ಓದು ಮುಗಿಯುವವರೆಗೆ ನಾಲಿಗೆಯಲ್ಲಿ ಉಪ್ಪು ಇರುತ್ತದೆ. ಮುಗಿದ ದಿನ ಹೋಗುತ್ತದೆ. ಊರಿನಲ್ಲಿ ನೆಲೆ ಸಿಕ್ಕಿದ ದಿನ ಮತ್ತೆ ಬರುತ್ತದೆ. ಊರಿನವರಿಗೆ ಇದರಲ್ಲಿ ಸೋಜಿಗವೇನೂ ಇರಲಿಲ್ಲ. ಅವರ ಅಜ್ಜಂದಿರ ಕಾಲದಿಂದಲೂ ಹೊರಗಿನ ಮಕ್ಕಳು ಬರುತ್ತಿದ್ದರು, ಓದುತ್ತಿದ್ದರು, ಒಂದು ದಿನ ಸಪ್ಪೆ ಮುಖ ಹಾಕಿಕೊಂಡು ಮೆಸ್ಸಿನಿಂದ ಹೊರಗೆ ಬರುತ್ತಿದ್ದರು.

ಫಲಿತಾಂಶದ ಮರುದಿನ ಎಲ್ಲರೂ ನೆಲೆ ಕಚೇರಿಗೆ ಹೋಗಿ ಕರಿಬಸಯ್ಯ ಎಂಬ ಗುಮಾಸ್ತರ ಮುಂದೆ ಸಾಲು ನಿಲ್ಲಬೇಕಿತ್ತು. ಅವರ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು. ಎಲ್ಲರಿಗೂ ಅವರು ಒಂದೇ ಪಾಠ ಒಪ್ಪಿಸುತ್ತಿದ್ದರು. "ಒಂಬತ್ತು ತಿಂಗಳು ಟೈಮು. ಅಷ್ಟರಲ್ಲಿ ಕೆಲಸ ಹುಡುಕ್ಕೊಳ್ಳಿ. ಕೆಲಸ ಕೊಡೋರು ನನ್ನೆದುರಿಗೆ ನಿಮ್ಜೊತೆ ಒಂದೇ ಎಲೇಲಿ ಕೂತು ಉಣ್ಬೇಕು, ನಾನು ಮೊಹರು ಒತ್ತಬೇಕು, ಆಗ ಉಪ್ಪು ಬರುತ್ತೆ. ಇಲ್ಲಾ ಇನ್ನೊಂದು ಓದಿಗೆ ಸೇರ್ಕೊಳ್ಳಿ, ಅದು ಮುಗಿಯೋವರೆಗೆ ಇರುತ್ತೆ. ಇಲ್ಲಾ ಈ ಊರೋರನ್ನ ಮದುವೆ ಆಗಿ. ಯಾವ್ದೂ ಆಗ್ಲಿಲ್ವಾ, ರೈಲಿದೆ." ಆಮೇಲೆ ಪೆನ್ಸಿಲ್ಲು ತೆಗೆದು ಮೇಜಿಗೆ ಕುಟ್ಟಿ, "ಒಂದ್ಸಲಕ್ಕೆ ಒಂದೇ ದಾರಿ. ಎರಡು ದಾರಿ ಹಿಡಿದ್ರೆ ಎರಡೂ ಕಟ್ಟು, ಆಮೇಲೆ ರೈಲೇ, ನೆನಪಿರ್ಲಿ" ಎನ್ನುತ್ತಿದ್ದರು.

ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ನಮ್ಮ ಮೆಸ್ಸಿನ ಪದ್ಮರಾಜ ಆಗಲೇ ಮೂರನೆಯ ಪದವಿಯಲ್ಲಿದ್ದ, ಹಳೆಯ ನಾಣ್ಯಗಳ ಇತಿಹಾಸ. ಅವನಿಗೆ ನಾಣ್ಯದಲ್ಲಿ ಆಸಕ್ತಿ ಇರಲಿಲ್ಲ, ಚಟ್ನಿಯಲ್ಲಿ ಇತ್ತು. ಕುಮುದ್ವತಿ ಎಂಬುವಳು ಊರಿನ ಒಬ್ಬ ಟೈಲರನ್ನು ಮದುವೆಯಾದಳು. ಮದುವೆ ಊಟದಲ್ಲಿ ಕೋಸಂಬರಿ ಬಾಯಿಗಿಟ್ಟವಳೇ ಬಿಕ್ಕಿ ಬಿಕ್ಕಿ ಅತ್ತಳು. ಪಾಪ, ಗಂಡ ತವರು ನೆನಪಾಯಿತೆಂದುಕೊಂಡು ಬೆನ್ನು ಸವರಿದ. ಉಳಿದವರು ಉಪ್ಪಿಲ್ಲದ್ದನ್ನು ಮುಚ್ಚಿಟ್ಟುಕೊಂಡು ಬದುಕಿದೆವು. ಉಪ್ಪಿಲ್ಲದವರಿಗೆ ಯಾರೂ ಕೋಣೆ ಕೊಡುತ್ತಿರಲಿಲ್ಲ, ಇವತ್ತು ಇದ್ದು ನಾಳೆ ರೈಲು ಹತ್ತುವವರೆಂದು. ಹಾಗಾಗಿ ನಮಗೆಲ್ಲ ಒಂದು ಮಾತು ಬಾಯಿಪಾಠವಾಗಿತ್ತು. ಯಾರ ಮನೆಯಲ್ಲಾದರೂ "ಉಪ್ಪು ಸರಿಯಾಗಿದ್ಯಾ?" ಎಂದು ಕೇಳಿದರೆ "ಹದವಾಗಿದೆ" ಎನ್ನಬೇಕು. ಕಡಿಮೆ ಎನ್ನಬಾರದು, ಜಾಸ್ತಿ ಎನ್ನಬಾರದು. ಎರಡೂ ಸಿಕ್ಕಿಬೀಳುವ ಮಾತು. ಉಪ್ಪಿಲ್ಲದವರು ಯಾರೂ ಆ ಎರಡು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

ನಾನು ಮತ್ತು ವಾರಿಜಾ ಒಂದೇ ರೈಲಿನಲ್ಲಿ ಬಂದವರು. ಒಂದೇ ತರಗತಿ, ಒಂದೇ ಕೋಣೆ, ಓದಿದ್ದು ಆಹಾರ ಸಂರಕ್ಷಣೆ. ಇಷ್ಟೆಲ್ಲ ಒಂದೇ ಆದ ಮೇಲೆ ಅದೃಷ್ಟವೂ ಒಂದೇ ಆಗಬೇಕಿತ್ತು, ಆಗಿರಲಿಲ್ಲ. ಒಂದೇ ಸೋಪಿನಲ್ಲಿ ಒಗೆದರೂ ಅವಳ ಬಟ್ಟೆ ನನ್ನದಕ್ಕಿಂತ ಬೆಳ್ಳಗಿರುತ್ತಿತ್ತು. ಮನೆಯೊಡತಿ ತುಂಗಕ್ಕ ನನ್ನನ್ನು "ಮಂದಾಕಿನಿಯವ್ರೇ" ಎಂದು ಕರೆದರೆ ಅವಳನ್ನು "ವಾರೀ" ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಅವಳಿಗೆ ನನಗಿಂತ ಎರಡೇ ಅಂಕ ಹೆಚ್ಚು. ಇಪ್ಪತ್ತು ಹೆಚ್ಚಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹಾಲಿನ ಕೇಂದ್ರದ ಮುರಾರಿ ನನಗೆ ಅಳತೆಗೆ ಸರಿಯಾಗಿ ಹಾಲು ಹಾಕಿ ಮುಖ ತಿರುಗಿಸಿದರೆ ಅವಳಿಗೆ ಒಂದು ಮಾತಾಡಿ ಒಂದು ಸೌಟು ಹೆಚ್ಚು ಹಾಕುತ್ತಿದ್ದ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೌದು, ಹೊಟ್ಟೆಕಿಚ್ಚೇ. ಅದರ ಮೇಲೆ ಅವಳು ನನಗೆ ಕೆಟ್ಟವಳಾಗಿಯೂ ಇರಲಿಲ್ಲ. ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿ ಕೂರುತ್ತಿದ್ದಳು. ಬೈಯಲು ಒಂದು ಕಾರಣವನ್ನಾದರೂ ಕೊಡಬಾರದೇ ಎಂದು ಜ್ವರದಲ್ಲೂ ನನಗೆ ಸಿಟ್ಟು ಬರುತ್ತಿತ್ತು.

ಒಂಬತ್ತು ತಿಂಗಳಲ್ಲಿ ಎಂಟು ಮುಗಿದವು. ನಮ್ಮ ವಿದ್ಯೆಯ ಹಣೆಬರಹವೇ ಹಾಗೆ. ಆಹಾರದ ಕೆಲಸಕ್ಕೆ ಉಪ್ಪು ಗೊತ್ತಾಗುವವರೇ ಬೇಕು, ಉಪ್ಪು ಗೊತ್ತಾಗಬೇಕಾದರೆ ಕೆಲಸವೇ ಬೇಕು. ಹುಚ್ಚು ಬಿಡೋವರೆಗೆ ಮದುವೆಯಾಗಲ್ಲ, ಮದುವೆಯಾಗೋವರೆಗೆ ಹುಚ್ಚು ಬಿಡಲ್ಲ ಎಂದ ಹಾಗೆ. ಬೇಕರಿ, ಹಪ್ಪಳದ ಮನೆ, ಆಸ್ಪತ್ರೆಯ ಅಡುಗೆಮನೆ ಎಲ್ಲ ಸುತ್ತಿದೆವು. ಎಲ್ಲರೂ ಒಂದು ಚಮಚ ಏನೋ ಕೊಟ್ಟು ಮುಖ ನೋಡುತ್ತಿದ್ದರು. ನಾನು "ಹದವಾಗಿದೆ" ಎನ್ನುತ್ತಿದ್ದೆ. ಅವರು ನಗುತ್ತಿದ್ದರು.

ನನಗೆ ವಾಪಸ್ಸು ಹೋಗಲು ಊರಿತ್ತು, ಮುಖ ಇರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅಣ್ಣನ ಮನೆಯಲ್ಲಿ ಬೆಳೆದವಳು ನಾನು. ಹೊರಡುವ ದಿನ ಅತ್ತಿಗೆಗೆ, "ಇನ್ನು ನಿಮ್ಮ ಹೊಸಿಲು ತುಳಿಯಲ್ಲ" ಎಂದು ನಾಲ್ಕು ಜನರ ಎದುರಿಗೆ ಹೇಳಿ ಬಂದಿದ್ದೆ. ಅತ್ತಿಗೆ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ, "ತುಳಿದಾಗ ಕಾಲು ತೊಳ್ಕೊಂಡು ಬಾ" ಎಂದಿದ್ದಳು. ಎರಡೂಮುಕ್ಕಾಲು ವರ್ಷ ಆ ಮಾತು ನನ್ನ ಹಾಸಿಗೆಯ ಕೆಳಗೇ ಇತ್ತು. ವಾರಿಜಾಳಿಗೆ ಅಂಥದ್ದೇನೂ ಇರಲಿಲ್ಲ. ಅವಳ ತಾಯಿ ವಾರಕ್ಕೊಂದು ಕಾಗದ ಬರೆದು ಯಾವಾಗ ಬರ್ತೀಯ ಎಂದು ಕೇಳುತ್ತಿದ್ದರು. ಅವಳು ಹೋದರೆ ಏನೂ ಕಳೆದುಕೊಳ್ಳುವುದಿಲ್ಲ ಎಂದು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೆ. ಇರಬೇಕೆಂಬ ಆಸೆ ಅವಳಿಗೂ ನನ್ನಷ್ಟೇ ಇತ್ತು ಎಂಬುದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಆಗ ಚೆನ್ನಾಜಮ್ಮನ ಕಾಗದ ಬಂತು. ಚೆನ್ನಾಜಮ್ಮ ಊರಾಚೆಯ ಉಪ್ಪಿನಕಾಯಿ ಕಾರ್ಖಾನೆಯ ಒಡತಿ. ಭರಣಿಗಳ ಉಸ್ತುವಾರಿಗೆ ಒಬ್ಬರು ಬೇಕು, ಇಬ್ಬರನ್ನು ನೋಡಲು ಕರೆದಿದ್ದೇನೆ, ಮುಂದಿನ ಗುರುವಾರ ಬನ್ನಿ ಎಂದು ಬರೆದಿತ್ತು. ಇಬ್ಬರೆಂದರೆ ನಾವೇ ಇಬ್ಬರು. ಕೊನೆಯಲ್ಲಿ ಅವರದೇ ಕೈಬರಹದಲ್ಲಿ ಇನ್ನೊಂದು ಸಾಲು: 'ನಿಮಗೆ ಉಪ್ಪಿಲ್ಲವೆಂದು ನನಗೆ ಗೊತ್ತಿದೆ, ನಾಲಿಗೆ ಬಿಟ್ಟು ಬೇರೇನು ವಿದ್ಯೆಯಿದೆ ಎಂದು ತೋರಿಸಲು ತಯಾರಾಗಿ ಬನ್ನಿ.' ವಾರಿಜಾ ಆ ಸಾಲನ್ನು ಮೂರು ಸಲ ಓದಿದಳು. "ಇಬ್ರನ್ನೂ ತಗೊಂಡ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ ಮಂದಾ?" ಎಂದಳು. ಒಬ್ಬರು ಎಂದು ಸ್ಪಷ್ಟವಾಗಿ ಬರೆದಿದ್ದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಹೀಗೆ ಹೇಳುವವಳ ಮೇಲೆ ಯಾರಿಗೆ ಸಿಟ್ಟು ಬರುವುದಿಲ್ಲ?

ಅದೇ ವಾರ ತುಂಗಕ್ಕ ಹಿತ್ತಲಿನ ಗಿಡದಿಂದ ಒಂದು ಮೊರದ ತುಂಬ ನಿಂಬೆಹಣ್ಣು ಕೊಟ್ಟರು. "ಉಪ್ಪಿನಕಾಯಿ ಹಾಕ್ಕೊಳ್ಳಿ. ಮಾಗಿದ ಮೇಲೆ ನನಗೂ ಒಂದು ಬಟ್ಟಲು" ಎಂದರು. ಗುರುವಾರಕ್ಕೆ ಕೈ ಪಳಗಲಿ ಎಂದು ನಾವೂ ಒಪ್ಪಿದೆವು. ಹೋಳು ಹೆಚ್ಚಿ ಜಾಡಿಗೆ ತುಂಬಿ ವಾರಿಜಾ ನೀರಿಗೆ ಹೋದಳು. ಅವಳು ಬರುವಷ್ಟರಲ್ಲಿ ನಾನು ಖಾರದ ಪುಡಿ, ಸಾಸಿವೆ, ಮೆಂತ್ಯ ಹಾಕಿ ಕಲಸಿ ಬಾಯಿಗೆ ಬಟ್ಟೆ ಕಟ್ಟಿಟ್ಟೆ. ದಿನಕ್ಕೊಮ್ಮೆ ತಿರುವುವ ಕೆಲಸ ಅವಳದು.

ಭಾನುವಾರ ಬೆಳಿಗ್ಗೆ ಅವಳು ಕಿಟಕಿಯ ಹತ್ತಿರ ಕೂತು ಜಾಡಿ ತಿರುವುತ್ತಿದ್ದಳು. ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಅವಳು ಮರದ ಚಮಚದ ತುದಿಯನ್ನು ತುಟಿಗಿಟ್ಟಳು, ಮುಖ ಕಿವುಚಿದಳು. "ಉಪ್ಪು ಒಂಚೂರು ಜಾಸ್ತಿ ಆಯ್ತು ಕಣೇ" ಎಂದಳು.

ನನ್ನ ಕೈಯ ಬಾಚಣಿಗೆ ಅಲ್ಲೇ ನಿಂತಿತು. ಎಂಟು ತಿಂಗಳಿನಿಂದ ಆ ಕೋಣೆಯಲ್ಲಿ ಯಾರೂ ಆಡದ ಮಾತು ಅದು. ಹದವಾಗಿದೆ ಎಂದಿದ್ದರೆ ನಾನು ನಗುತ್ತಿದ್ದೆ. ಅವಳು ಜಾಸ್ತಿ ಎಂದಳು, ಅದೂ ಒಂಚೂರು ಎಂದು ಅಳೆದು ಹೇಳಿದಳು. ಅಂದರೆ ಅವಳಿಗೆ ಉಪ್ಪು ಬಂದಿದೆ. ನನಗೆ ಹೇಳದೆ, ನನ್ನ ಪಕ್ಕದಲ್ಲೇ ಮಲಗಿ ಎದ್ದುಕೊಂಡು, ಅವಳು ಎಲ್ಲಿಂದಲೋ ನೆಲೆ ಸಂಪಾದಿಸಿಕೊಂಡಿದ್ದಾಳೆ. ಕನ್ನಡಿಯಲ್ಲಿ ಅವಳನ್ನು ನೋಡಿದೆ. ಕೆಳತುಟಿಯ ಮೇಲೆ ಒಂದು ಸಣ್ಣ ಕೆಂಪು ಗಾಯ. ಅದನ್ನು ನೋಡಿದ ಮೇಲೆ ನನಗೆ ಎಲ್ಲವೂ ಅರ್ಥವಾಯಿತು ಎಂದುಕೊಂಡೆ. ಹೆಣ್ಣಿನ ತುಟಿಗೆ ಸುಮ್ಮಸುಮ್ಮನೆ ಗಾಯವಾಗುತ್ತದೆಯೇ? ಹಾಲಿನ ಕೇಂದ್ರ, ಆ ಹೆಚ್ಚಿನ ಸೌಟು, ಆ ಮಾತು. ಮುರಾರಿಯನ್ನು ಕಳ್ಳತನದಲ್ಲಿ ಮದುವೆಯಾಗಿದ್ದಾಳೆ. ಅಷ್ಟು ಸಾಲದೆಂದು ಗುರುವಾರ ನನ್ನ ಪಾಲಿಗೆ ಉಳಿದಿರುವ ಒಂದೇ ಒಂದು ಕೆಲಸಕ್ಕೂ ಬರುತ್ತಾಳೆ. ಅವಳಿಗೆ ಎಲ್ಲವೂ ಬೇಕು.

ಸೋಮವಾರ ಪೂರ್ತಿ ಅವಳು ತಿನ್ನುವುದನ್ನೇ ನೋಡಿದೆ. ಉಪ್ಪಿಟ್ಟು ತಿನ್ನುವಾಗ ಎರಡು ಸಲ ತುಟಿ ಒತ್ತಿದಳು, ಒಂದು ಸಲ ಕಣ್ಣು ಮುಚ್ಚಿದಳು. ಸುಖದಲ್ಲಿ ತಿನ್ನುತ್ತಿದ್ದಾಳೆ ಎಂದುಕೊಂಡೆ. ನನ್ನ ಬಾಯಲ್ಲಿ ರವೆ ಮರಳಿನ ಹಾಗಿತ್ತು.

ಮಂಗಳವಾರ ನೆಲೆ ಕಚೇರಿಗೆ ಹೋದೆ. ಕರಿಬಸಯ್ಯ ಬುತ್ತಿ ಬಿಚ್ಚುತ್ತಿದ್ದರು. ಮೊಸರನ್ನದ ಮೇಲೆ ಒಂದು ಹುರಿದ ಮೆಣಸಿನಕಾಯಿ ಇತ್ತು. ನಾನು ಹೇಳಿದ್ದನ್ನು ಕೇಳಿ ಅವರು ಬುತ್ತಿ ಮುಚ್ಚಿದರು.

"ಮದುವೆ ಆಗಿದ್ದನ್ನ ನೀವು ನೋಡಿದ್ರಾ?"

"ಇಲ್ಲ. ಆದ್ರೆ ಉಪ್ಪು ಜಾಸ್ತಿ ಆಯ್ತು ಅಂದ್ಲು."

ಅವರು ಕಿವಿಯಿಂದ ಪೆನ್ಸಿಲ್ಲು ತೆಗೆದರು. "ಜಾಸ್ತಿ ಅಂದ್ರಾ? ಅವರ ಬಾಯಿಂದಾನೇ?"

"ಹೂಂ. ಒಂಚೂರು ಜಾಸ್ತಿ ಅಂತ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಬಿಡಿ" ಎಂದು ಬರೆದುಕೊಂಡರು. "ಮದುವೆ ದಾರೀಲಿ ಉಪ್ಪು ತಗೊಂಡು ಕೆಲಸದ ದಾರೀಲೂ ಅರ್ಜಿ ಹಾಕಿದ್ದಾರೆ. ಗುರುವಾರ ನಾನೇ ಬರ್ತೀನಿ. ಮೂರು ಬಟ್ಟಲು ಗಂಜಿ ಇಡ್ತೀನಿ. ಗೊತ್ತಾಗ್ಲಿಲ್ಲ ಅಂದ್ರೆ ದೂರು ಸುಳ್ಳು, ಹರಿದು ಹಾಕ್ತೀನಿ. ಗೊತ್ತಾಯ್ತು ಅಂದ್ರೆ, ಉಪ್ಪು ತಿಂದೋರು ನೀರು ಕುಡೀಲೇಬೇಕು. ನಿಮ್ಮ ಹೆಸರು?"

"ಬೇಡ."

"ಬೇಡ ಅಂತ್ಲೇ ಬರೀತೀನಿ" ಎಂದು ಹಾಗೆಯೇ ಬರೆದು ಬುತ್ತಿ ಬಿಚ್ಚಿದರು.

ಬುಧವಾರ ಸಂಜೆ ವಾರಿಜಾ ಇಬ್ಬರ ಸೀರೆಗೂ ಇಸ್ತ್ರಿ ಹಾಕಿದಳು. ಮೊದಲು ನನ್ನದು. ಆಮೇಲೆ ಮಂಚದ ತುದಿಯಲ್ಲಿ ಕೂತು, "ಮಂದಾ, ನಿಂಗೊಂದು ವಿಷ್ಯ ಹೇಳ್ಬೇಕು. ನಾಳೆ ಬೇಕಾಗೋದು. ನಗಬಾರ್ದು ಮತ್ತೆ" ಎಂದಳು. ಮದುವೆಯ ಸುದ್ದಿ ಹೇಳುತ್ತಾಳೆ ಎಂದುಕೊಂಡೆ. ಅವಳು ತಾನಾಗಿ ಹೇಳಿಬಿಟ್ಟರೆ ನಾನು ಕಚೇರಿಗೆ ಹೋಗಿದ್ದು ಇನ್ನೂ ಕೊಳಕಾಗಿ ಕಾಣುತ್ತಿತ್ತು. "ಈಗ ಬೇಡ, ತಲೆ ನೋಯ್ತಿದೆ" ಎಂದು ಗೋಡೆಯ ಕಡೆ ತಿರುಗಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಏನಿಲ್ಲ. ಸರಿ, ಬೆಳಿಗ್ಗೆ ಹೇಳ್ತೀನಿ" ಎಂದಳು. ಬೆಳಿಗ್ಗೆ ನಾನು ಅವಳಿಗಿಂತ ಮೊದಲೇ ಎದ್ದು ಒಬ್ಬಳೇ ಕಾರ್ಖಾನೆಗೆ ನಡೆದೆ.

ಚೆನ್ನಾಜಮ್ಮ ತಗಡಿನ ಮಾಡಿನ ಕೆಳಗೆ, ಆಳೆತ್ತರದ ಭರಣಿಗಳ ಸಾಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಪ್ಪತ್ತರ ಹೆಂಗಸು, ಕೈಗಳೆರಡೂ ಅರಿಸಿನದಲ್ಲಿ ಹುಟ್ಟಿದ ಹಾಗೆ ಹಳದಿ. ಪಕ್ಕದಲ್ಲಿ ಕರಿಬಸಯ್ಯ. ಅವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಅಷ್ಟು ಹೊತ್ತಿಗೆ ವಾರಿಜಾ ಓಡೋಡುತ್ತಾ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತು, "ಯಾಕೆ ಬಿಟ್ಟು ಬಂದೆ?" ಎಂದು ಪಿಸುಗುಟ್ಟಿದಳು. ಉತ್ತರ ಕೊಡುವ ಮೊದಲೇ ಅವಳನ್ನು ಕರೆದರು.

ಚೆನ್ನಾಜಮ್ಮ ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಟ್ಟಳು. ಭರಣಿ ಕೆಟ್ಟಿದೆಯೆಂದು ಹೇಗೆ ತಿಳಿಯುತ್ತೆ ಎಂದರೆ ಎದ್ದುಹೋಗಿ ಒಂದಕ್ಕೆ ಕಿವಿಗೊಟ್ಟು, "ಇದು ಗುಳುಗುಳು ಅಂತಿದೆ ಅಮ್ಮ, ಎರಡು ದಿನದಲ್ಲಿ ಉಕ್ಕುತ್ತೆ" ಎಂದಳು. ಮುದುಕಿಯ ಮುಖ ಅರಳಿತು. ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. ಆಗ ಕರಿಬಸಯ್ಯ ಕೆಮ್ಮಿ ಮೂರು ಬಟ್ಟಲು ಮುಂದಿಟ್ಟರು. "ಯಾವುದರಲ್ಲಿ ಉಪ್ಪಿದೆ ಹೇಳಿ."

"ಇದೇನ್ರೀ ಇದು?" ಎಂದರು ಚೆನ್ನಾಜಮ್ಮ. ಕರಿಬಸಯ್ಯ ಕೈ ಅಡ್ಡ ಹಿಡಿದರು.

ನಾಲಿಗೆ ಬಿಟ್ಟು ಬೇರೇನು ವಿದ್ಯೆ ಎಂದು ಕಾಗದದಲ್ಲಿ ಬರೆದಿದ್ದು ಇದಕ್ಕೇ ಎಂದು ವಾರಿಜಾ ತಿಳಿದಳು. ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಅವಳು ನನ್ನ ಕಡೆ ತಿರುಗಿ, ಹೇಳ್ತೀನಿ ಅಂದಿದ್ದು ಇದನ್ನೇ ಎನ್ನುವ ಹಾಗೆ ಕಣ್ಣು ಮಿಟುಕಿಸಿದಳು. ಆಮೇಲೆ ಕೆಳತುಟಿಯನ್ನು ಒಳಗೆಳೆದುಕೊಂಡು ಕಚ್ಚಿದಳು. ಜೋರಾಗಿ ಕಚ್ಚಿದಳು, ಅವಳ ಭುಜ ಹಾರಿದ್ದು ನನಗೆ ಕಾಣಿಸಿತು. ಮೊದಲನೆಯ ಬಟ್ಟಲಿನ ಗಂಜಿಯನ್ನು ತುಟಿಗೆ ಸವರಿಕೊಂಡಳು, ಇಲ್ಲವೆಂದು ತಲೆಯಾಡಿಸಿದಳು. ಎರಡನೆಯದನ್ನು ಸವರಿಕೊಂಡಳು. ಕಣ್ಣಲ್ಲಿ ಫಕ್ಕನೆ ನೀರು ಬಂತು. "ಇದು" ಎಂದಳು.

ಸರಿಯಾಗಿತ್ತು.

ಚೆನ್ನಾಜಮ್ಮ ಚಪ್ಪಾಳೆ ತಟ್ಟಿದರು. ಕರಿಬಸಯ್ಯ ಚೀಲದಿಂದ ಕಾಗದ ತೆಗೆದರು. "ಉಪ್ಪು ಇರೋರಿಗೆ ಮಾತ್ರ ಇದು ಗೊತ್ತಾಗೋದು. ನೀವು ಊರೋರ ಯಾರನ್ನೋ ಗುಟ್ಟಾಗಿ ಮದುವೆ ಆಗಿ ಉಪ್ಪು ತಗೊಂಡಿದೀರಿ ಅಂತ ದೂರು ಬಂದಿದೆ. ಎರಡು ದಾರಿ ಹಿಡಿದ್ರೆ ಎರಡೂ ಕಟ್ಟು."

ವಾರಿಜಾ ನಕ್ಕಳು. "ಮದುವೆನಾ? ನಂಗಾ?" ನಗುವಿನಲ್ಲಿ ಜೊತೆಗೂಡಲಿ ಎಂದು ನನ್ನ ಮುಖ ನೋಡಿದಳು. ಆಮೇಲೆ ಅವರ ಕೈಯಲ್ಲಿದ್ದ ಕಾಗದ ನೋಡಿ ಗಾಬರಿಯಾದಳು. "ಅಯ್ಯೋ, ಇಲ್ಲ ಸ್ವಾಮಿ. ನಂಗೆ ಉಪ್ಪಿಲ್ಲ. ರುಚಿ ಗೊತ್ತಾಗಿದ್ದಲ್ಲ ಇದು. ತುಟಿ ಕಚ್ಚಿ ಗಾಯ ಮಾಡ್ಕೊಂಡ್ರೆ ಉಪ್ಪು ಉರಿಯುತ್ತೆ. ಒಂದು ವಾರದಿಂದ ಅಭ್ಯಾಸ ಮಾಡ್ತಿದೀನಿ. ನೋಡಿ" ಎಂದು ತುಟಿಯನ್ನು ಬೆರಳಿನಿಂದ ಕೆಳಗೆಳೆದು ತೋರಿಸಿದಳು. ಒಳಗೆ ನಾಲ್ಕೈದು ಗಾಯ. ಕೆಲವು ಹಳೆಯವು, ಒಂದರಲ್ಲಿ ಈಗಿನ ರಕ್ತ.

ನನಗೆ ಆಗ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಆಮೇಲೆ ಎಷ್ಟೋ ವರ್ಷ ನನಗೇ ಹೇಳಿಕೊಂಡಿದ್ದೇನೆ, ಆದರೆ ಆ ಕ್ಷಣದಲ್ಲಿ ಗೊತ್ತಾಯಿತು.

"ಇಪ್ಪತ್ತೆರಡು ವರ್ಷದಲ್ಲಿ ಇಂಥ ಕಥೆ ಯಾರೂ ಹೇಳಿರ್ಲಿಲ್ಲ" ಎಂದರು ಕರಿಬಸಯ್ಯ. ಕೆಟ್ಟ ಮನುಷ್ಯರಲ್ಲ ಅವರು, ಪೆನ್ಸಿಲ್ಲು ಕಾಗದದ ಮೇಲೆಯೇ ನಿಂತಿತ್ತು. "ಯಾರಾದ್ರೂ ಸಾಕ್ಷಿ ಇದ್ದಾರಾ?"

"ಇವಳನ್ನ ಕೇಳಿ" ಎಂದಳು ವಾರಿಜಾ, ಒಂದು ಉಸಿರೂ ಯೋಚಿಸದೆ. "ಒಂದೇ ಕೋಣೇಲಿ ಇದೀವಿ. ಇವಳಿಗೆ ಗೊತ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಅವಳಿಗೆ ಉಪ್ಪಿಲ್ಲ. ಎರಡೇ ಪದ ಹೇಳಿದ್ದರೆ ಸಾಕಿತ್ತು. ಭರಣಿಗಳ ಸಾಲನ್ನು ನೋಡಿದೆ. ನನ್ನ ಪಾಲಿಗೆ ಉಳಿದ ದಿನಗಳು ಇಪ್ಪತ್ತು. ಅತ್ತಿಗೆ ತೆಂಗಿನಕಾಯಿ ತುರಿಯುವ ಸದ್ದು ಕೇಳಿಸಿತು. ಮುದುಕಿಯ ಅರಳಿದ ಮುಖ ನೆನಪಾಯಿತು, ಅಂಥ ಮುಖವನ್ನು ಯಾರೂ ನನಗಾಗಿ ಒಂದು ದಿನವೂ ಅರಳಿಸಿರಲಿಲ್ಲ.

"ಭಾನುವಾರ ಉಪ್ಪಿನಕಾಯಿ ತಿರುವುವಾಗ ಉಪ್ಪು ಒಂಚೂರು ಜಾಸ್ತಿ ಆಯ್ತು ಅಂದ್ಲು" ಎಂದೆ.

ಅದು ನಿಜವಾದ ಮಾತು. "ಹೌದು, ಅಂದೆ" ಎಂದಳು ವಾರಿಜಾ ಮೆಲ್ಲಗೆ. "ಅವತ್ತೂ ತುಟಿ ಉರೀತು. ಅದಕ್ಕೇ ಅಂದೆ." ಅವಳೇ ಒಪ್ಪಿಕೊಂಡ ಮೇಲೆ ಕೇಳುವುದೇನೂ ಉಳಿಯಲಿಲ್ಲ. ಕರಿಬಸಯ್ಯ ಕಾಗದಕ್ಕೆ ದಾರ ಸುತ್ತಿ ಕಟ್ಟಿದರು. ಊರು ಬಿಡಲು ಅವಳಿಗೆ ಹದಿನೈದು ದಿನದ ಗಡುವು ಕೊಟ್ಟರು.

ಆ ಹದಿನೈದು ದಿನ ನಾವು ಅದೇ ಕೋಣೆಯಲ್ಲಿದ್ದೆವು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಒಂದು ದಿನ ಬಟ್ಟೆ ಮಡಿಸುತ್ತಾ, "ಅವತ್ತು ಸಂಜೆ ಹೇಳ್ಬೇಕು ಅಂದಿದ್ದು ತುಟಿ ವಿಷ್ಯಾನೇ. ಇಬ್ರೂ ಕಂಡ್ಹಿಡಿದ್ರೆ ಚೆನ್ನಾಜಮ್ಮ ಇಬ್ರನ್ನೂ ಇಟ್ಕೋಬಹುದೇನೋ ಅಂತ" ಎಂದಳು. ಇನ್ನೊಂದು ದಿನ, "ದೂರು ಕೊಟ್ಟೋರು ಯಾರು ಅಂತ ಕರಿಬಸಯ್ಯನವ್ರನ್ನ ಕೇಳ್ದೆ. ಬೇಡ ಅಂತ ಹೆಸರು ಬರ್ದಿದೆ ಅಂದ್ರು" ಎಂದು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪೆಟ್ಟಿಗೆಯ ಕಡೆ ತಿರುಗಿ, "ನೀನು ಸುಳ್ಳೇನೂ ಹೇಳ್ಲಿಲ್ಲ ಬಿಡು" ಎಂದಳು.

ನಿಲ್ದಾಣಕ್ಕೆ ಅರ್ಧ ಬೀದಿಯೇ ಬಂದಿತ್ತು. ತುಂಗಕ್ಕ ಅತ್ತರು. ಪದ್ಮರಾಜ ಒಂದು ಹಳೆಯ ನಾಣ್ಯ ಕೊಟ್ಟ. ಮುರಾರಿ ಹೆಂಡತಿಯನ್ನೂ ಎರಡು ಮಕ್ಕಳನ್ನೂ ಕರೆದುಕೊಂಡು ಬಂದಿದ್ದ. ಆ ಹೆಂಡತಿಗೆ ವಾರಿಜಾ ಓದು ಕಲಿಸುತ್ತಿದ್ದಳಂತೆ, ಆ ಹೆಚ್ಚಿನ ಸೌಟು ಅದಕ್ಕಂತೆ. ನಾನೇ ಹೋಗುವವಳಾಗಿದ್ದರೆ ಯಾರು ಬರುತ್ತಿದ್ದರು ಎಂದು ಅಲ್ಲಿ ನಿಂತೇ ಯೋಚಿಸಿದೆ. ಆಗಲೂ ಹೊಟ್ಟೆಕಿಚ್ಚೇ ಬಂತು ನೋಡಿ. ನನಗಾಗಿ ಬರುವವರನ್ನು ಹುಡುಕಿದರೆ ಒಬ್ಬಳೇ ಸಿಕ್ಕಿದಳು, ಅವಳು ಆಗಲೇ ರೈಲು ಹತ್ತಿದ್ದಳು. ಕಿಟಕಿಯಿಂದ ಬಗ್ಗಿ, "ಆ ನಿಂಬೆಕಾಯಿ ಜಾಡಿ ಬಿಸಾಡ್ಬೇಡ. ಉಪ್ಪು ಬಂದ ಮೇಲೆ ತಿಂದು ನೋಡು. ಜಾಸ್ತಿ ಇದ್ರೆ ಇನ್ನೊಂದಿಷ್ಟು ಹೋಳು ಹಾಕು" ಎಂದಳು.

ಆ ವಾರವೇ ಚೆನ್ನಾಜಮ್ಮ ನೆಲೆ ಕಚೇರಿಗೆ ಬಂದು ನನ್ನ ಜೊತೆ ಒಂದೇ ಎಲೆಯಲ್ಲಿ ಉಂಡರು. ಅನ್ನ, ಹುರುಳಿಕಾಳಿನ ಸಾರು. ಕರಿಬಸಯ್ಯ ಮೊಹರು ಒತ್ತಿದ ಮರುಕ್ಷಣವೇ ನನ್ನ ಬಾಯಲ್ಲಿದ್ದ ತುತ್ತಿಗೆ ಉಪ್ಪು ಬಂತು. ಹತ್ತಿರ ಹತ್ತಿರ ಒಂಬತ್ತು ತಿಂಗಳಾದ ಮೇಲೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಸುಖವಾಗಿತ್ತು. ನಾಲ್ಕು ಸಲ ಬಡಿಸಿಕೊಂಡೆ. ಮುದುಕಿ ಎಲೆಯ ತಮ್ಮ ಬದಿಯಲ್ಲಿ ಎರಡು ತುತ್ತು ಉಂಡು ಕೈ ನಿಲ್ಲಿಸಿ, "ನಂಗೆ ಬೇಕಾಗಿದ್ದು ಆ ಹುಡುಗಿ. ನಿನ್ ತಪ್ಪೇನಲ್ಲ, ಉಣ್ಣು" ಎಂದರು. ನಾನು ಉಂಡೆ.

ಎರಡು ದಿನ ಬಿಟ್ಟು ತುಂಗಕ್ಕ ಬಟ್ಟಲು ಹಿಡಿದು ಬಂದರು. "ವಾರಿ ಹೆಚ್ಚಿದ ನಿಂಬೆಕಾಯಿ ಮಾಗಿರ್ಬೇಕಲ್ಲ. ಒಂಚೂರು ಕೊಡಿ ಮಂದಾಕಿನಿಯವ್ರೇ." ನಾನು ಜಾಡಿ ಇಳಿಸಿ ಬಟ್ಟೆ ಬಿಚ್ಚಿದೆ. ಜಾಡಿಯ ತುಂಬ ಬೆರಳುದ್ದ ಬಿಳಿ ಬೂಷ್ಟು ಹತ್ತಿಯ ಹಾಗೆ ಬೆಳೆದಿತ್ತು.

"ಅಯ್ಯೋ, ಇದಕ್ಕೆ ಉಪ್ಪೇ ಹಾಕಿಲ್ವಲ್ಲ!" ಎಂದರು ತುಂಗಕ್ಕ.

"ಜಾಸ್ತಿ ಆಗಿತ್ತು" ಎಂದೆ.

"ಜಾಸ್ತಿ ಆಗಿದ್ರೆ ಬೂಷ್ಟು ಹೆಂಗೆ ಬರುತ್ತೆ? ಅಷ್ಟು ಓದಿದೋರು ನೀವು."

ಹೌದು, ಅಷ್ಟು ಓದಿದವಳು ನಾನು. ಹೋಳು ಹೆಚ್ಚಿದವಳು ಹಾಕಿದ್ದಾಳೆಂದು ಖಾರ ಕಲಸಿದ ನಾನು ಅಂದುಕೊಂಡಿದ್ದೆ. ಖಾರ ಕಲಸಿದವಳು ಹಾಕಿದ್ದಾಳೆಂದು ಹೋಳು ಹೆಚ್ಚಿದ ಅವಳು ಅಂದುಕೊಂಡಿದ್ದಳು. ಬೇರೆ ಯಾವ ಮನೆಯಲ್ಲಾದರೂ ಯಾರಾದರೊಬ್ಬರ ನಾಲಿಗೆಗೆ ಅದು ತಿಳಿಯುತ್ತಿತ್ತು. ಗಾಯವಾದ ತುಟಿ ನಿಂಬೆಹುಳಿಗೂ ಉರಿಯುತ್ತದೆ, ಉಪ್ಪೇ ಬೇಕೆಂದಿಲ್ಲ. ಅವತ್ತು ಆ ಜಾಡಿಯನ್ನು ಕಾರ್ಖಾನೆಗೆ ತರಿಸಿದ್ದರೆ, ಊರಿನವರು ಯಾರಾದರೂ ಒಂದು ಹೋಳು ಬಾಯಿಗಿಟ್ಟಿದ್ದರೆ, ಮುಗಿದುಹೋಗುತ್ತಿತ್ತು. ತರಿಸಿ ಎಂದು ಹೇಳಬೇಕಾಗಿದ್ದವಳು ಬೆಂಚಿನ ಮೇಲೆ ಕೂತಿದ್ದೆ.

ಚಮಚದಿಂದ ಬೂಷ್ಟನ್ನು ಒಂದು ಬದಿಗೆ ಸರಿಸಿ ತಳದಿಂದ ಒಂದು ಹೋಳು ತೆಗೆದೆ. ತುಂಗಕ್ಕ ಬೇಡ ಬೇಡ ಎನ್ನುತ್ತಿದ್ದಂತೆ ಬಾಯಿಗೆ ಹಾಕಿಕೊಂಡೆ. ನನ್ನ ನಾಲಿಗೆ ಈಗ ಈ ಊರಿನ ಯಾರ ನಾಲಿಗೆಗೂ ಕಡಿಮೆ ಇರಲಿಲ್ಲ. ಹುಳಿ ಇತ್ತು, ಖಾರ ಇತ್ತು, ಸಿಪ್ಪೆಯ ಕಹಿ ಇತ್ತು.

"ಹೆಂಗಿದೆ?" ಎಂದರು ತುಂಗಕ್ಕ, ನನ್ನ ಮುಖವನ್ನೇ ನೋಡುತ್ತಾ.

"ಹದವಾಗಿದೆ" ಎಂದೆ.